ಹಿತ್ತಲ ಗಿಡ ಮತ್ತು ದೂರದ ಬೆಟ್ಟ: ವಿದ್ಯಾಕೇಂದ್ರಗಳ ಖ್ಯಾತಿಯನ್ನು ಕುರಿತು ಒಂದು ಜಾನಪದೀಯ ವಿವೇಚನೆ

ಹಳೆಯ ಮೈಸೂರು ಸೀಮೆಯ ಬ್ರಾಹ್ಮಣರೇ ಮೊದಲಾದ ಕೆಲವು ಸಮುದಾಯಗಳ ಮದುವೆಗಳಲ್ಲಿ ಕಾಶೀಯಾತ್ರೆ ಎಂಬ ಶಾಸ್ತ್ರವೊಂದು ಇಂದಿಗೂ ನಡೆಯುತ್ತದೆ. ವರನು ಕೊಡೆ ಹಿಡಿದು, ಕೋಲು ಊರಿ, ಪುಸ್ತಕವೊಂದನ್ನು ಕಂಕುಳಲ್ಲಿರಿಸಿಕೊಂಡು ಕಾಶಿಗೆ ಹೊರಟವನಂತೆ ನಾಲ್ಕು ಹೆಜ್ಜೆ ನಡೆಯುತ್ತಾನೆ. ಕನ್ಯೆಯ ತಂದೆ ಎದುರು ಬಂದು, ಮಗಳನ್ನು ಕೊಡುವೆನೆಂದು ಹೇಳಿ ಅವನನ್ನು ಮಂಟಪಕ್ಕೆ ಮರಳಿ ಕರೆತರುತ್ತಾನೆ. ಓದಿಗಾಗಿ ಕಾಶಿಗೆ ಹೋಗುವ ರೂಢಿ ತಪ್ಪಿ ಎಷ್ಟೋ ಕಾಲವಾಗಿದ್ದರೂ, ಓದೆಂದರೆ ಕಾಶಿ ಎಂಬ ಭಾವನೆ ಒಂದು ಆಚರಣೆಯಾಗಿ ಉಳಿದುಬಂದಿದೆ. ಅಕ್ಷರಾಭ್ಯಾಸದ ದಿನ ಮಗುವಿಗೆ ಹೇಳಿಕೊಡುವ ಶಾರದಾಸ್ತುತಿಯೂ ಇಂಥದೇ. ಆ ದೇವಿಯ ವಾಸಸ್ಥಾನ ಕಾಶ್ಮೀರವೆಂದು ಅದು ಹೇಳುತ್ತದೆ. ಕಾಶ್ಮೀರವನ್ನು ಎಂದೂ ಕಾಣದ ಹಳ್ಳಿಗಳಲ್ಲಿ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ವಿದ್ಯಾಕೇಂದ್ರವೊಂದು ಕ್ಷೀಣಿಸಿದ ಮೇಲೂ ಅದರ ಖ್ಯಾತಿ ಜನರ ಬಾಯಲ್ಲಿ ಶತಮಾನಗಳ ಕಾಲ ಬದುಕಬಲ್ಲುದು ಎಂಬುದಕ್ಕೆ ಇವೆರಡೂ ಸಾಕ್ಷಿಗಳು.

ಜಗತ್ತಿನ ಶ್ರೇಷ್ಠ ವಿಶ್ವವಿದ್ಯಾನಿಲಯಗಳು ಯಾವುವು, ಅವುಗಳಲ್ಲಿ ಯಾವುದು ಮೊದಲನೆಯದು, ಯಾವುದು ನೂರನೆಯದು ಎಂಬ ಪಟ್ಟಿಗಳು ಪ್ರತಿ ವರ್ಷ ಪ್ರಕಟವಾಗುತ್ತಿರುವ ಈ ಕಾಲದಲ್ಲಿ, ಖ್ಯಾತಿ ಎಂಬುದು ಹೇಗೆ ಹುಟ್ಟುತ್ತದೆ, ಹೇಗೆ ಪ್ರಸಾರವಾಗುತ್ತದೆ ಎಂಬ ಪ್ರಶ್ನೆಯನ್ನು ಜಾನಪದ ವಿದ್ವಾಂಸರೂ ಕೇಳಬೇಕಾಗಿದೆ. ಬಾಯಿಂದ ಬಾಯಿಗೆ ಹರಡುವುದರ ಅಧ್ಯಯನವೇ ಜಾನಪದ ಶಾಸ್ತ್ರದ ಮೂಲ ಕಸುಬಷ್ಟೆ. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿ ಹೊರಗಿನವರಿಗೆ ಗುರುತಾಗಿರುವುದು ಸಕ್ಕರೆ ಕಾರ್ಖಾನೆಯ ಊರಾಗಿ. ಈ ಊರನ್ನು ನಡುವಿಗಿಟ್ಟುಕೊಂಡು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯನ್ನು ನೋಡಿದರೆ, ಈ ಪ್ರಶ್ನೆಗೆ ಬೇಕಾದ ಸಾಮಗ್ರಿ ಅನಿರೀಕ್ಷಿತ ಪ್ರಮಾಣದಲ್ಲಿ ದೊರೆಯುತ್ತದೆ. ಮೇಲುಕೋಟೆ ಮತ್ತು ತೊಂಡನೂರು ಇಲ್ಲಿಯವು. ಕನ್ನಡ ಜಾನಪದ ಅಧ್ಯಯನಕ್ಕೆ ಸಾಂಸ್ಥಿಕ ರೂಪ ಕೊಟ್ಟವರಲ್ಲಿ ಇಬ್ಬರು ನಾಗಮಂಗಲ ತಾಲ್ಲೂಕಿನವರು. ಮೈಸೂರು ವಿಶ್ವವಿದ್ಯಾನಿಲಯಕ್ಕೆ ಈ ಸೀಮೆ ತನ್ನ ಮಕ್ಕಳನ್ನಷ್ಟೇ ಅಲ್ಲದೆ ಹಾಡುಗಳನ್ನೂ ಕಥೆಗಳನ್ನೂ ಕಳುಹಿಸಿಕೊಟ್ಟಿದೆ.

ಖ್ಯಾತಿಯನ್ನು ಕುರಿತು ಜನಪದರಿಗೆ ತಮ್ಮದೇ ಆದ ಒಂದು ತಿಳಿವಳಿಕೆಯಿದೆ. ಎರಡು ಗಾದೆಗಳು ಅದನ್ನು ಅಡಕವಾಗಿ ಹೇಳುತ್ತವೆ: ‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’, ‘ಹಿತ್ತಲ ಗಿಡ ಮದ್ದಲ್ಲ’. ಮೊದಲನೆಯದು ದೂರವು ವಸ್ತುವಿಗೆ ತರುವ ಹೊಳಪನ್ನು ಹೇಳಿದರೆ, ಎರಡನೆಯದು ಸಮೀಪವು ಅದಕ್ಕೆ ತರುವ ಅವಜ್ಞೆಯನ್ನು ಹೇಳುತ್ತದೆ. ಇವೆರಡೂ ಒಂದೇ ದೋಷದ ಎರಡು ಮುಖಗಳು. ಬೆಟ್ಟ ನುಣ್ಣಗಿಲ್ಲ, ಗಿಡ ಮದ್ದೇ ಆಗಿರಬಹುದು ಎಂಬ ಎಚ್ಚರ ಎರಡು ಗಾದೆಗಳ ಒಳಗೂ ಇದೆ.

ಖ್ಯಾತಿಯನ್ನು ಅಳೆಯುವ ಪ್ರಯತ್ನವೂ ಹೊಸದಲ್ಲ. ಈಗಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವೊಂದಿದೆ. ಅಲ್ಲಿನ ಶಾಲೆಗೆ ಬೇರೆ ಬೇರೆ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರೆಂದೂ ಅವರ ವಾಸಕ್ಕಾಗಿ 27 ಮನೆಗಳನ್ನು ಬಿಡಲಾಗಿತ್ತೆಂದೂ ಅದು ತಿಳಿಸುತ್ತದೆ. ಇಲ್ಲಿ ಜನಪದವೆಂದರೆ ನಾಡು, ಪ್ರದೇಶ ಎಂದರ್ಥ; ಜಾನಪದ ಎಂಬ ಹೆಸರಿನ ಮೂಲವೂ ಇದೇ ಪದವೆಂಬುದು ಪ್ರಾಸಂಗಿಕವಾಗಿ ನೆನಪಾಗುತ್ತದೆ. ಹೊರನಾಡುಗಳಿಂದ ಎಷ್ಟು ಮಂದಿ ಓದಲು ಬರುತ್ತಾರೆ ಎಂಬುದು ಇಂದಿನ ಶ್ರೇಯಾಂಕ ಪಟ್ಟಿಗಳಲ್ಲಿಯೂ ಒಂದು ಮಾನದಂಡವೇ ಆಗಿದೆ. ಕಲಬುರಗಿ ಸೀಮೆಯ ನಾಗಾವಿಯ ಘಟಿಕಾಸ್ಥಾನದ 1058ರ ಶಾಸನ ಅಧ್ಯಾಪಕರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರನ್ನು, ಅಂದರೆ ಗ್ರಂಥಪಾಲಕರನ್ನು, ಉಲ್ಲೇಖಿಸುತ್ತದೆ. ಇನ್ನೂ ಹಿಂದಕ್ಕೆ ಹೋದರೆ ತಾಳಗುಂದದ ಸ್ತಂಭಶಾಸನದಲ್ಲಿ ಮಯೂರಶರ್ಮನ ಪ್ರಸಂಗ ಬರುತ್ತದೆ. ಗುರು ವೀರಶರ್ಮನೊಡನೆ ಅವನು ಹೋದದ್ದು ಕಾಂಚಿಯ ಘಟಿಕೆಗೆ. ಊರಿನಲ್ಲಿ ವಿದ್ಯೆಯಿರಲಿಲ್ಲವೆಂದು ಅವನು ಹೋಗಲಿಲ್ಲ. ಕಾಂಚಿಯ ಹೆಸರು ಅವನನ್ನು ಎಳೆಯಿತು. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ಅವಮಾನಿತನಾದ ಆತ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದನು. ದೂರದ ಬೆಟ್ಟದ ತಪ್ಪಲಿಗೆ ಹೋದವನಿಗೆ ಅಲ್ಲಿನ ಕಲ್ಲುಮುಳ್ಳು ಕಂಡ ಪ್ರಸಂಗವಿದು.

ಮೇಲುಕೋಟೆಯ ಪರಿಸರದಲ್ಲಿ ಪ್ರಚಲಿತವಿರುವ ರಾಮಾನುಜಾಚಾರ್ಯರ ಐತಿಹ್ಯಗಳಲ್ಲಿ ಒಂದು ಇಲ್ಲಿ ವಿಶೇಷ ಗಮನಕ್ಕೆ ಅರ್ಹವಾಗಿದೆ. ಶ್ರೀಭಾಷ್ಯವನ್ನು ರಚಿಸುವ ಮೊದಲು ಬೋಧಾಯನ ವೃತ್ತಿಯನ್ನು ನೋಡಬೇಕೆಂದು ರಾಮಾನುಜರು ಶಿಷ್ಯ ಕೂರೇಶನೊಡನೆ ಕಾಶ್ಮೀರದ ಶಾರದಾಪೀಠದವರೆಗೆ ಹೋದರು. ಗ್ರಂಥ ದೊರೆತರೂ ಅಲ್ಲಿನ ಪಂಡಿತರು ಅದನ್ನು ಕೊಂಡೊಯ್ಯಲು ಬಿಡಲಿಲ್ಲ. ಕೆಲವು ನಿರೂಪಣೆಗಳ ಪ್ರಕಾರ ದಾರಿಯಲ್ಲಿ ಹಿಂಬಾಲಿಸಿ ಬಂದು ಕಿತ್ತುಕೊಂಡರು. ಗುರು ಚಿಂತಿತನಾದಾಗ ಕೂರೇಶನು, ತಾನು ಆ ಗ್ರಂಥವನ್ನು ಆಗಲೇ ಓದಿ ಮನನ ಮಾಡಿಕೊಂಡಿರುವುದಾಗಿ ತಿಳಿಸಿದನು. ಮುಂದೆ ಶ್ರೀಭಾಷ್ಯವನ್ನು ಗುರು ಹೇಳಿದಂತೆ ಬರೆದುಕೊಂಡವನೂ ಅವನೇ. ಗುರುಪರಂಪರೆಯ ಗ್ರಂಥಗಳಲ್ಲಿ ಬರುವ ಈ ಕಥೆಯ ಐತಿಹಾಸಿಕತೆ ಬೇರೆ ವಿಷಯ. ಐತಿಹ್ಯವಾಗಿ ಇದು ಹೇಳುವುದು ಮುಖ್ಯವಾದುದು: ಖ್ಯಾತಿವೆತ್ತ ಪೀಠದ ಬಲವಿರುವುದು ಅದರ ಬಳಿಯಿರುವ ಗ್ರಂಥದಲ್ಲಿ, ಆ ಗ್ರಂಥವನ್ನು ಹೊರಗಿನವರಿಗೆ ಸುಲಭವಾಗಿ ಕೊಡದಿರುವುದರಲ್ಲಿ, ಅದನ್ನು ಮೀರುವ ದಾರಿ ಸ್ಮೃತಿ. ದುಬಾರಿ ಚಂದಾ ಕಟ್ಟಲಾರದೆ ವಿದೇಶೀ ನಿಯತಕಾಲಿಕೆಗಳ ಬಾಗಿಲಲ್ಲಿ ನಿಲ್ಲುವ ಇಂದಿನ ಜಿಲ್ಲಾ ಕೇಂದ್ರಗಳ ಸಂಶೋಧಕರಿಗೆ ಈ ಕಥೆ ಅಪರಿಚಿತವೆನಿಸಲಾರದು. ಆದರೆ ಅವರೆಲ್ಲರೂ ಕೂರೇಶರಾಗುವುದು ಸಾಧ್ಯವಿಲ್ಲ.

ಮೈಸೂರು ಸಂಸ್ಥಾನವು ವಿಶ್ವವಿದ್ಯಾನಿಲಯವೊಂದನ್ನು ಸ್ಥಾಪಿಸಲು ಮುಂದಾದಾಗ ಎದುರಾದದ್ದೂ ದೂರದ ಬೆಟ್ಟಗಳ ಪ್ರಶ್ನೆಯೇ. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ ಸರ್ ಎಂ. ವಿಶ್ವೇಶ್ವರಯ್ಯನವರ ಆಸಕ್ತಿಯಿಂದ 1916ರ ಜುಲೈ ತಿಂಗಳಲ್ಲಿ ಆರಂಭವಾದ ಈ ವಿಶ್ವವಿದ್ಯಾನಿಲಯ, ಬ್ರಿಟಿಷರ ನೇರ ಆಡಳಿತದ ಹೊರಗೆ ದೇಶೀಯ ಸಂಸ್ಥಾನವೊಂದರಲ್ಲಿ ಸ್ಥಾಪಿತವಾದ ಮೊದಲನೆಯದು. ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳಾದರು. ಇದಕ್ಕೆ ಮುನ್ನ ಸಿ.ಆರ್. ರೆಡ್ಡಿ ಮತ್ತು ಥಾಮಸ್ ಡೆನ್ಹಮ್ ಅವರು ಹೊರದೇಶಗಳ ಉನ್ನತ ಶಿಕ್ಷಣವನ್ನು ಅಭ್ಯಾಸ ಮಾಡಿದ್ದರು. ಯೋಜಕರ ಕಣ್ಣೆದುರು ಮೂರು ಬಗೆಯ ಮಾದರಿಗಳಿದ್ದವು: ವಿದ್ಯಾರ್ಥಿಯ ಬುದ್ಧಿಯನ್ನೂ ಶೀಲವನ್ನೂ ರೂಪಿಸಿ ನಾಯಕತ್ವಕ್ಕೆ ಸಿದ್ಧಗೊಳಿಸುವ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್, ವೈಜ್ಞಾನಿಕ ಜ್ಞಾನದ ಎಲ್ಲೆಗಳನ್ನು ವಿಸ್ತರಿಸುವ ಷಿಕಾಗೊ, ರಾಜ್ಯದ ಸಾಮಾನ್ಯ ಪ್ರಜೆಗೂ ಶಿಕ್ಷಣವನ್ನು ತಲುಪಿಸುವ ವಿಸ್ಕಾನ್ಸಿನ್.

ಈ ಆಯ್ಕೆಯಲ್ಲಿ ಎರಡು ಸಂಗತಿಗಳು ಎದ್ದುಕಾಣುತ್ತವೆ. ಷಿಕಾಗೊ ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1890ರಲ್ಲಿ. ಮೈಸೂರು ಅದನ್ನು ಮಾದರಿಯಾಗಿ ಕಂಡಾಗ ಅದಕ್ಕೆ ಕೇವಲ 26 ವರ್ಷ. ವಯಸ್ಸಿನಿಂದ ಬರುವ ಪ್ರತಿಷ್ಠೆಗೆ ಮೈಸೂರಿನವರು ಮಾರುಹೋಗಿರಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಎರಡನೆಯದಾಗಿ, ಯಾವುದು ದೊಡ್ಡದು ಎಂದು ಅವರು ಕೇಳಲಿಲ್ಲ. ಯಾವುದರಿಂದ ಏನನ್ನು ತರಬಹುದು ಎಂದು ಕೇಳಿದರು. ವಿಸ್ಕಾನ್ಸಿನ್‌ನಲ್ಲಿ ಚಾರ್ಲ್ಸ್ ವ್ಯಾನ್ ಹೈಸ್ ಅವರು 1904ರ ಸುಮಾರಿಗೆ ಮುಂದಿಟ್ಟ ವಿಚಾರ, ವಿಶ್ವವಿದ್ಯಾನಿಲಯದ ಪ್ರಯೋಜನ ರಾಜ್ಯದ ಪ್ರತಿ ಮನೆಗೂ ಮುಟ್ಟಬೇಕೆಂಬುದು. ಮೈಸೂರಿನಲ್ಲಿ ಇದು ಪ್ರಚಾರೋಪನ್ಯಾಸಗಳ ಹಾಗೂ ಪ್ರಸಾರಾಂಗದ ರೂಪ ತಾಳಿತು. ಅಧ್ಯಾಪಕರು ಹಳ್ಳಿಗಳಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಮಾಡುವುದು, ಆ ಉಪನ್ಯಾಸವನ್ನು ಅಗ್ಗದ ಬೆಲೆಯ ಚಿಕ್ಕ ಪುಸ್ತಕವಾಗಿ ಅಚ್ಚು ಹಾಕುವುದು ಈ ಯೋಜನೆಯ ಕ್ರಮ. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರ ಕಾಲದಲ್ಲಿ ಇದಕ್ಕೆ ಹೊಸ ಚೈತನ್ಯ ಬಂದಿತು. ಮಾನಸಗಂಗೋತ್ರಿಯ ಆರಂಭವೂ 1960ರಲ್ಲಿಯೇ. ಆ ಕಿರುಹೊತ್ತಗೆಗಳು ಯಾವ ಅಂತಾರಾಷ್ಟ್ರೀಯ ಸೂಚಿಯಲ್ಲಿಯೂ ಲೆಕ್ಕಕ್ಕೆ ಬಂದವಲ್ಲ. ಮೈಸೂರು ವಿಶ್ವವಿದ್ಯಾನಿಲಯವೆಂದರೆ ತಮ್ಮದು ಎಂಬ ಭಾವನೆಯನ್ನು ಹಳ್ಳಿಗಾಡಿನ ಓದುಗರಲ್ಲಿ ಹುಟ್ಟಿಸಿದವುಗಳಲ್ಲಿ ಮಾತ್ರ ಅವುಗಳಿಗೆ ಹಿರಿಯ ಸ್ಥಾನವಿದೆ.

ಈ ನಾಲ್ಕು ತಾಲ್ಲೂಕುಗಳು ಆ ವಿಶ್ವವಿದ್ಯಾನಿಲಯಕ್ಕೆ ಕೊಟ್ಟ ಹೆಸರುಗಳು ಚಿಕ್ಕವಲ್ಲ. ಮೇಲುಕೋಟೆಯ ಪು.ತಿ. ನರಸಿಂಹಾಚಾರ್, ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್ ಈ ಸೀಮೆಯಲ್ಲಿ ಹುಟ್ಟಿದವರು. ಮೂರ್ತಿರಾಯರು ಆ ವಿಶ್ವವಿದ್ಯಾನಿಲಯದಲ್ಲಿಯೇ ಅಧ್ಯಾಪಕರಾಗಿದ್ದವರು. ನಾಲೆಯ ನೀರು ಕಂಡ ಪಾಂಡವಪುರ, ಶ್ರೀರಂಗಪಟ್ಟಣಗಳಿಗೆ ಹೋಲಿಸಿದರೆ ನಾಗಮಂಗಲ ಒಣನೆಲದ ತಾಲ್ಲೂಕು. ಆದರೆ ಜಾನಪದದ ಮಟ್ಟಿಗೆ ಅದೇ ಫಲವತ್ತಾದ ನೆಲವಾಯಿತು. ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ ಮುಂದೆ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿದರು. ಅಂಬಲಜೀರಹಳ್ಳಿಯ ಜೀ.ಶಂ. ಪರಮಶಿವಯ್ಯನವರು ವಿಶ್ವವಿದ್ಯಾನಿಲಯದ ಒಳಗೇ ಜಾನಪದಕ್ಕೆ ಸ್ಥಾನ ಗಳಿಸಿಕೊಟ್ಟರು. ಅದಕ್ಕೆ ಮುನ್ನ ಹಾಡು, ಕಥೆಗಳ ಸಂಗ್ರಹವೆಂಬುದು ಆಸಕ್ತರ ಹವ್ಯಾಸವಾಗಿತ್ತು. ಪದವಿಗೆ ಓದುವ ವಿಷಯವಾಗಿರಲಿಲ್ಲ. 1966ರಲ್ಲಿ ಮಾನಸಗಂಗೋತ್ರಿಯಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಆರಂಭವಾಯಿತು. 1960ರ ದಶಕದ ಕೊನೆಗೆ ಜಯಲಕ್ಷ್ಮೀವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ ರೂಪುಗೊಂಡಿತು. 1970ರ ದಶಕದಲ್ಲಿ ಜಾನಪದವು ಸ್ನಾತಕೋತ್ತರ ಅಧ್ಯಯನದ ವಿಷಯವಾಯಿತು. ಜೀಶಂಪ ಅವರ ‘ದಕ್ಷಿಣ ಕರ್ನಾಟಕದ ಜನಪದ ಕಾವ್ಯ ಪ್ರಕಾರಗಳು’ ಈ ಕ್ಷೇತ್ರದ ವಿದ್ಯಾರ್ಥಿಗಳು ಇಂದಿಗೂ ಮರಳಿ ನೋಡುವ ಗ್ರಂಥ. ಕುಲೀನ ಪಾಂಡಿತ್ಯದ ಅರಮನೆಯೊಂದರಲ್ಲಿ ನೇಗಿಲು, ಕಂಸಾಳೆ, ಸೋಮನ ಮುಖಗಳನ್ನು ತಂದಿರಿಸಿದ್ದು ಸಾಮಾನ್ಯ ಸಾಹಸವಲ್ಲ.

ಈ ಬೆಳವಣಿಗೆಯಲ್ಲಿ ಪರದೇಶದ ವಿಶ್ವವಿದ್ಯಾನಿಲಯಗಳ ಪಾತ್ರವನ್ನು ಅಲ್ಲಗಳೆಯುವುದು ಸಲ್ಲದು. ಹಾ.ಮಾ. ನಾಯಕರು ಡಾಕ್ಟರೇಟ್ ಪದವಿ ಪಡೆದದ್ದು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದಿಂದ. ಸ್ಟಿತ್ ಥಾಮ್ಸನ್ ಅವರ ಕಥಾ ವರ್ಗೀಕರಣದ ಕೆಲಸ ನಡೆದ, ಬಳಿಕ ರಿಚರ್ಡ್ ಡಾರ್ಸನ್ ಅವರು ಜಾನಪದ ಸಂಸ್ಥೆಯನ್ನು ನಡೆಸಿದ ಸ್ಥಳ ಅದು. ಅವರು ಮೈಸೂರಿಗೆ ಮರಳಿ ಜಾನಪದದ ಬೋಧನೆಗೆ ಬೆಂಬಲವಾಗಿ ನಿಂತರು. ಮೈಸೂರಿನಲ್ಲಿ ಹುಟ್ಟಿ ಅಲ್ಲಿಯೇ ಓದಿದ ಎ.ಕೆ. ರಾಮಾನುಜನ್ ಅವರೂ 1963ರಲ್ಲಿ ಇಂಡಿಯಾನಾದಿಂದಲೇ, ಕನ್ನಡ ವ್ಯಾಕರಣವನ್ನು ಕುರಿತ ಪ್ರಬಂಧಕ್ಕೆ, ಡಾಕ್ಟರೇಟ್ ಪಡೆದರು, ನೆಲೆನಿಂತದ್ದು ಷಿಕಾಗೊದಲ್ಲಿ. 1916ರಲ್ಲಿ ಮೈಸೂರು ಯಾವ ಷಿಕಾಗೊವನ್ನು ಮಾದರಿಯಾಗಿ ನೋಡಿತ್ತೋ ಆ ಷಿಕಾಗೊಗೆ ಐವತ್ತು ವರ್ಷ ಕಳೆಯುವುದರೊಳಗಾಗಿ ಮೈಸೂರು ಒಬ್ಬ ವಿದ್ವಾಂಸನನ್ನು ಕೊಟ್ಟಿತ್ತು. ಅಮೆರಿಕದ ಗ್ರಂಥಾಲಯಗಳಿಗೆ ಕನ್ನಡ ಪುಸ್ತಕಗಳು ಹೋದ ಬಗೆಯೂ ಸ್ವಾರಸ್ಯಕರ. ಪಿ.ಎಲ್. 480 ಕಾನೂನಿನಂತೆ ಭಾರತಕ್ಕೆ ಮಾರಿದ ಗೋಧಿಯ ಹಣ ರೂಪಾಯಿಗಳಲ್ಲಿ ಇಲ್ಲಿಯೇ ಉಳಿದಿತ್ತು. 1962ರಿಂದ ಆ ಹಣದ ಒಂದು ಭಾಗದಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ದೊಡ್ಡ ವಿಶ್ವವಿದ್ಯಾನಿಲಯಗಳಿಗೆ ಕಳುಹಿಸಲಾಯಿತು. ಷಿಕಾಗೊದಂಥ ಕೇಂದ್ರಗಳು ದಕ್ಷಿಣ ಏಷ್ಯಾ ಅಧ್ಯಯನದಲ್ಲಿ ಗಳಿಸಿದ ಹೆಸರಿನ ಹಿಂದೆ ವಿದ್ವತ್ತಿನ ಜೊತೆಗೆ ಈ ಗೋಧಿಯ ಲೆಕ್ಕವೂ ಇದೆ.

ಇಷ್ಟು ಹಿನ್ನೆಲೆಯಲ್ಲಿ ಇಂದಿನ ಶ್ರೇಯಾಂಕ ಪಟ್ಟಿಗಳನ್ನು ನೋಡಬಹುದು. 2003ರಲ್ಲಿ ಶಾಂಘೈ ಜಿಯಾವೊ ಟಾಂಗ್ ವಿಶ್ವವಿದ್ಯಾನಿಲಯವು ಪ್ರಪಂಚದ ವಿಶ್ವವಿದ್ಯಾನಿಲಯಗಳ ಮೊದಲ ಪಟ್ಟಿಯನ್ನು ಹೊರತಂದಿತು. ಚೀನದ ವಿಶ್ವವಿದ್ಯಾನಿಲಯಗಳು ಮುಂಚೂಣಿಯವುಗಳಿಗಿಂತ ಎಷ್ಟು ಹಿಂದಿವೆ ಎಂದು ತಿಳಿಯುವುದು ಅದರ ಮೂಲ ಉದ್ದೇಶ. ಅಂದಿನಿಂದ 2025ರವರೆಗೆ ಆ ಪಟ್ಟಿಯಲ್ಲಿ ಹಾರ್ವರ್ಡ್ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ. ಅದರ ಅಳತೆಗೋಲಿನಲ್ಲಿ ನೊಬೆಲ್ ಮತ್ತು ಫೀಲ್ಡ್ಸ್ ಪುರಸ್ಕಾರ ಪಡೆದ ಹಳೆಯ ವಿದ್ಯಾರ್ಥಿಗಳಿಗೆ ಶೇ. 10, ಅಂಥ ಅಧ್ಯಾಪಕರಿಗೆ ಶೇ. 20, ‘ನೇಚರ್’ ಮತ್ತು ‘ಸೈನ್ಸ್’ ಎಂಬ ಎರಡೇ ಪತ್ರಿಕೆಗಳ ಲೇಖನಗಳಿಗೆ ಶೇ. 20 ಅಂಕಗಳಿವೆ. ಅಧ್ಯಾಪಕರ ಲೆಕ್ಕದಲ್ಲಿ ಸಾಹಿತ್ಯದ ನೊಬೆಲ್ ಸೇರುವುದಿಲ್ಲ. ಪುರಸ್ಕಾರ ಬಂದಾಗ ಎಲ್ಲಿದ್ದರೋ ಆ ಸಂಸ್ಥೆಗೆ ಅಂಕ ಎಂಬುದು ನಿಯಮ. ಹೀಗಾಗಿ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ಸಿ.ವಿ. ರಾಮನ್ ಅವರ 1930ರ ನೊಬೆಲ್ ಈ ಬಗೆಯ ಎಣಿಕೆಯಲ್ಲಿ ಕಲ್ಕತ್ತದ ಪಾಲಿನದು.

2004ರಲ್ಲಿ ಟೈಮ್ಸ್ ಹೈಯರ್ ಎಜುಕೇಷನ್ ಮತ್ತು ಕ್ಯೂಎಸ್ ಸಂಸ್ಥೆಗಳು ಕೂಡಿ ಇನ್ನೊಂದು ಪಟ್ಟಿ ಹೊರಡಿಸಿದವು. ಮುಂದೆ ಅವು ಬೇರೆಯಾಗಿ ಎರಡು ಪಟ್ಟಿಗಳಾದವು. ಕ್ಯೂಎಸ್ ಪಟ್ಟಿಯ ತಿರುಳು ಖ್ಯಾತಿಯೇ. ಬಹುಕಾಲ ಅದರಲ್ಲಿ ವಿದ್ವಾಂಸರ ಅಭಿಪ್ರಾಯಕ್ಕೆ ಶೇ. 40, ಉದ್ಯೋಗದಾತರ ಅಭಿಪ್ರಾಯಕ್ಕೆ ಶೇ. 10 ಅಂಕಗಳಿದ್ದವು. 2023ರಲ್ಲಿ ಮಾಡಿದ ಮಾರ್ಪಾಡಿನಂತೆ ಅವು ಶೇ. 30 ಮತ್ತು ಶೇ. 15 ಆದವು. ಜಗತ್ತಿನಾದ್ಯಂತ ಅಧ್ಯಾಪಕರನ್ನು, ನಿಮ್ಮ ಕ್ಷೇತ್ರದಲ್ಲಿ ಶ್ರೇಷ್ಠವೆನಿಸಿದ ವಿಶ್ವವಿದ್ಯಾನಿಲಯಗಳನ್ನು ಹೆಸರಿಸಿ ಎಂದು ಕೇಳಲಾಗುತ್ತದೆ. ಹೆಸರಿಸುವವರು ಆ ಎಲ್ಲ ಸಂಸ್ಥೆಗಳನ್ನು ಕಂಡವರಲ್ಲ, ಕೇಳಿ ಬಲ್ಲವರು.

ಕೇಳಿ ಬಲ್ಲುದರ ನಡೆಯನ್ನು ಜಾನಪದ ಶಾಸ್ತ್ರ ನೂರು ವರ್ಷಗಳ ಹಿಂದೆಯೇ ವಿವರಿಸಿದೆ. ಎಸ್ಟೋನಿಯದ ತಾರ್ತು ವಿಶ್ವವಿದ್ಯಾನಿಲಯದಲ್ಲಿದ್ದ ವಾಲ್ಟರ್ ಆಂಡರ್ಸನ್ ಅವರು 1923ರಲ್ಲಿ, ಚಕ್ರವರ್ತಿಯೂ ಮಠಾಧಿಪತಿಯೂ ಬರುವ ಒಗಟಿನ ಕಥೆಯೊಂದರ ನೂರಾರು ಪಾಠಗಳನ್ನು ಪರಿಶೀಲಿಸಿ, ಕಥೆಗಳು ಬಾಯಲ್ಲಿ ಹರಿದಾಡಿದರೂ ಅಷ್ಟಾಗಿ ಕೆಡುವುದಿಲ್ಲವೇಕೆಂದು ಕೇಳಿದರು. ನಿರೂಪಕನು ಒಂದು ಕಥೆಯನ್ನು ಒಮ್ಮೆ ಮಾತ್ರ ಕೇಳಿರುವುದಿಲ್ಲ. ಹಲವರಿಂದ ಹಲವು ಬಾರಿ ಕೇಳಿರುತ್ತಾನೆ. ಒಬ್ಬನ ತಪ್ಪನ್ನು ಇನ್ನೊಬ್ಬನ ನಿರೂಪಣೆ ತಿದ್ದುತ್ತದೆ. ಸ್ವಯಂ ತಿದ್ದುಪಡಿಯ ಈ ನಿಯಮ ಖ್ಯಾತಿಗೂ ಅನ್ವಯಿಸುತ್ತದೆ, ಆದರೆ ತಲೆಕೆಳಗಾಗಿ. ಒಬ್ಬ ಅಧ್ಯಾಪಕ ಸ್ವಂತ ಅನುಭವದಿಂದ ಬೇರೆ ಹೆಸರೊಂದನ್ನು ಹೇಳಿದರೂ, ಉಳಿದ ನೂರು ಮಂದಿ ತಾವು ಕೇಳಿಕೊಂಡು ಬಂದ ಹೆಸರನ್ನೇ ಹೇಳುವುದರಿಂದ ಅವನ ಮಾತು ‘ತಿದ್ದಲ್ಪಡುತ್ತದೆ’. ಪ್ರಕಟವಾದ ಪಟ್ಟಿ ಮುಂದಿನ ವರ್ಷದ ಉತ್ತರಗಳಿಗೆ ಮೂಲಪಾಠವಾಗುತ್ತದೆ. ಹೊಸ ಪುರಾವೆ ಬಂದಾಗಲೂ ಅಗ್ರ ಸ್ಥಾನಗಳು ಅಷ್ಟಾಗಿ ಕದಲದಿರುವುದಕ್ಕೆ ಆ ಸಂಸ್ಥೆಗಳ ನಿಜವಾದ ಸಾಮರ್ಥ್ಯದ ಜೊತೆಗೆ ಇದೂ ಒಂದು ಕಾರಣವೆನ್ನಬೇಕು. ಸಾಮರ್ಥ್ಯವಿಲ್ಲದೆ ಹಾರ್ವರ್ಡ್ ಅಥವಾ ಕೇಂಬ್ರಿಜ್ ದೊಡ್ಡವಾದವು ಎಂದು ಹೇಳುವುದು ಹುಡುಗಾಟಿಕೆ. ಅಳತೆಯ ಅರ್ಧ ಭಾಗ ವದಂತಿಯ ವ್ಯಾಕರಣದಿಂದ ನಡೆಯುತ್ತದೆ ಎಂಬುದಷ್ಟೇ ಇಲ್ಲಿನ ಮಾತು.

ಭಾರತೀಯ ವಿಜ್ಞಾನ ಸಂಸ್ಥೆಯ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಟಾಟಾ ಅವರ ದತ್ತಿ ಮತ್ತು ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಭೂಮಿಯ ಬಲದಿಂದ 1909ರಲ್ಲಿ ಸ್ಥಾಪಿತವಾದ ಈ ಸಂಸ್ಥೆ, 2021ರಲ್ಲಿ ಪ್ರಕಟವಾದ ಕ್ಯೂಎಸ್ ಪಟ್ಟಿಯಲ್ಲಿ ಅಧ್ಯಾಪಕರ ತಲಾ ಉಲ್ಲೇಖಗಳ ಲೆಕ್ಕದಲ್ಲಿ 100ಕ್ಕೆ 100 ಅಂಕ ಗಳಿಸಿತು. ಅಂದರೆ ಸಂಶೋಧನೆಯ ಒಂದು ಮುಖ್ಯ ಮಾನದಂಡದಲ್ಲಿ ಅದಕ್ಕಿಂತ ಮೇಲಿನವರು ಯಾರೂ ಇರಲಿಲ್ಲ. ಅದೇ ಪಟ್ಟಿಯಲ್ಲಿ ಅದರ ಒಟ್ಟು ಸ್ಥಾನ 186. ಕೆಲಸ ತಲುಪಿದಷ್ಟು ದೂರ ಹೆಸರು ತಲುಪಿರಲಿಲ್ಲ; ಹೊರದೇಶದ ವಿದ್ಯಾರ್ಥಿಗಳೂ ಅಧ್ಯಾಪಕರೂ ಅಲ್ಲಿ ವಿರಳ. ಹಿತ್ತಲ ಗಿಡಕ್ಕೆ ಅಂಕಿಗಳಲ್ಲಿ ಬರೆದ ವ್ಯಾಖ್ಯಾನದಂತಿದೆ ಇದು.

ವಿಜ್ಞಾನಕ್ಕೆ ಉಲ್ಲೇಖಗಳ ಆಸರೆಯಾದರೂ ಇದೆ. ಕನ್ನಡ ಜಾನಪದಕ್ಕೆ ಅದೂ ಇಲ್ಲ. ಪಟ್ಟಿಗಳು ಆಧರಿಸುವ ದತ್ತಸಂಚಯಗಳಲ್ಲಿ ಬಹುಪಾಲು ಇಂಗ್ಲಿಷ್ ನಿಯತಕಾಲಿಕೆಗಳೇ ಇವೆ. 1919ರಲ್ಲಿ ಆರಂಭವಾಗಿ ಮೈಸೂರು ವಿಶ್ವವಿದ್ಯಾನಿಲಯದ ಹೆಮ್ಮೆಯಾದ ‘ಪ್ರಬುದ್ಧ ಕರ್ನಾಟಕ’ದಂಥ ಪತ್ರಿಕೆಗಳಲ್ಲಿ ಬಂದ ಲೇಖನವನ್ನು ಮತ್ತೊಂದು ಕನ್ನಡ ಗ್ರಂಥ ಉಲ್ಲೇಖಿಸಿದರೆ ಆ ಉಲ್ಲೇಖ ಎಲ್ಲಿಯೂ ಎಣಿಕೆಯಾಗುವುದಿಲ್ಲ. ಕ್ಯೂಎಸ್‌ನ ವಿಷಯವಾರು ಪಟ್ಟಿಗಳಲ್ಲಿ ಮಾನವಶಾಸ್ತ್ರವಿದೆ, ಭಾಷಾಶಾಸ್ತ್ರವಿದೆ, ಜಾನಪದವೆಂಬ ವಿಷಯವಿಲ್ಲ. ಕೇಂದ್ರ ಸರ್ಕಾರ 2015ರಲ್ಲಿ ರೂಪಿಸಿ 2016ರಿಂದ ಪ್ರಕಟಿಸುತ್ತಿರುವ ಎನ್‌ಐಆರ್‌ಎಫ್ ಪಟ್ಟಿಯಲ್ಲಿ ಎಂಜಿನಿಯರಿಂಗ್, ವೈದ್ಯಕೀಯ, ಕಾನೂನು ಮೊದಲಾದವಕ್ಕೆ ಬೇರೆ ಬೇರೆ ವಿಭಾಗಗಳಿದ್ದರೂ ಮಾನವಿಕಗಳಿಗೆ ಪ್ರತ್ಯೇಕ ವಿಭಾಗ ಕಾಣಿಸದು. ಆ ಪಟ್ಟಿಯ ವಿಶ್ವವಿದ್ಯಾನಿಲಯಗಳ ವಿಭಾಗದಲ್ಲಿ 2021ರಲ್ಲಿ 19ನೆಯದಾಗಿದ್ದ ಮೈಸೂರು 2023ರಲ್ಲಿ 44ನೆಯದಾಯಿತು. ಎರಡು ವರ್ಷಗಳಲ್ಲಿ ಒಂದು ಶತಮಾನದ ವಿದ್ವತ್ತು ಇಷ್ಟು ಇಳಿಯುವುದು ಅಸಾಧ್ಯ. ಖಾಯಂ ಅಧ್ಯಾಪಕರ ಹುದ್ದೆಗಳು ಖಾಲಿ ಉಳಿಯುತ್ತ ಹೋದರೆ ಇಂಥ ಎಣಿಕೆಗಳಲ್ಲಿ ಇಳಿಯುವುದು ಮಾತ್ರ ಸಹಜ. ಪಟ್ಟಿಯನ್ನು ದೂರುವ ಮೊದಲು ಈ ಸತ್ಯವನ್ನು ಒಪ್ಪಿಕೊಳ್ಳುವುದು ಲೇಸು.

ಪಟ್ಟಿಗಳ ಈ ಅಲಕ್ಷ್ಯಕ್ಕೆ ಪ್ರತ್ಯೇಕ ವಿಶ್ವವಿದ್ಯಾನಿಲಯಗಳೇ ಉತ್ತರವಾಗಬಲ್ಲವೆಂದು ಕೆಲವರು ಭಾವಿಸಿದ್ದುಂಟು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು ಕನ್ನಡ ನಾಡಿನ ಧೈರ್ಯದ ಹೆಜ್ಜೆ. ಹೊಸ ವಿಶ್ವವಿದ್ಯಾನಿಲಯಗಳ ಅಸ್ತಿತ್ವವೇ ಎಷ್ಟು ಅಭದ್ರವೆಂಬುದಕ್ಕೆ ಮಂಡ್ಯದ ಉದಾಹರಣೆ ಸಾಕು. 2025ರ ಫೆಬ್ರವರಿಯಲ್ಲಿ ರಾಜ್ಯ ಸಚಿವ ಸಂಪುಟದ ಉಪಸಮಿತಿಯೊಂದು ಒಂಬತ್ತು ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಶಿಫಾರಸು ಮಾಡಿದಾಗ ಅವುಗಳಲ್ಲಿ ಮಂಡ್ಯದ್ದೂ ಒಂದಾಗಿತ್ತು. ಹೆಸರು ಬೇರೂರಲು ಬೇಕಾದ ಕಾಲಾವಧಿ ಅದಕ್ಕೆ ದೊರೆತೇ ಇರಲಿಲ್ಲ.

ಖ್ಯಾತಿಯ ಹಂಚಿಕೆಯ ಪ್ರಶ್ನೆ ಇನ್ನೂ ಉಳಿಯುತ್ತದೆ. ವಿಶ್ವವಿದ್ಯಾನಿಲಯಕ್ಕೂ ಜಗತ್ತಿಗೂ ನಡುವೆ ಇರುವ ದೂರವೇ ಹಾಡುಗಾರನಿಗೂ ವಿಶ್ವವಿದ್ಯಾನಿಲಯಕ್ಕೂ ನಡುವೆ ಇದೆ. ರಾಮಾನುಜನ್ ಅವರು ಸಂಗ್ರಹಿಸಿ ಇಂಗ್ಲಿಷಿಗೆ ತಂದ 77 ಕಥೆಗಳ ಸಂಕಲನ ಅವರ ನಿಧನಾನಂತರ 1997ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಮುದ್ರಣಾಲಯದಿಂದ ಪ್ರಕಟವಾಯಿತು. ಹೂವಿನ ಗಿಡವಾಗುವ ಹುಡುಗಿಯ ಕಥೆ ಅದರ ಶೀರ್ಷಿಕೆಯಾಯಿತು. ಅಮೆರಿಕದ ಸಂಗೀತ ರಚನಕಾರ ಜಾನ್ ಆಡಮ್ಸ್ ಅದನ್ನು ಆಪೆರಾ ಆಗಿಸಿದರು. ಅದು 2006ರಲ್ಲಿ ವಿಯೆನ್ನಾದಲ್ಲಿ ಪ್ರಥಮ ಪ್ರದರ್ಶನ ಕಂಡಿತು. ಕನ್ನಡ ಮನೆಗಳ ಅಡುಗೆಮನೆಯಲ್ಲಿ, ಮಕ್ಕಳಿಗೆ ಕೈತುತ್ತು ಹಾಕುತ್ತ ಹೆಂಗಸರು ಹೇಳುತ್ತಿದ್ದಂಥ ಕಥೆ ಅಷ್ಟು ದೂರ ನಡೆಯಿತು. ಪ್ರತಿಯೊಂದು ಹಂತದಲ್ಲಿಯೂ ಒಂದೊಂದು ಸಂಸ್ಥೆಗೆ ಹೆಸರು ಬಂದಿತು. ಮೊದಲ ಹಂತದಲ್ಲಿ ಯಾರಿಗೂ ಬರಲಿಲ್ಲ. ಹಿಂದೆ ಜಾನಪದ ಸಂಗ್ರಹವೆಂದರೆ ಹೇಳಿದವರ ಹೆಸರು ದಾಖಲಾಗದಿರುವುದೇ ವಾಡಿಕೆಯಾಗಿತ್ತು. ಜನಪದಕ್ಕೆ ಕರ್ತೃವಿಲ್ಲ ಎಂಬ ಸಿದ್ಧಾಂತ ಈ ಅನುಕೂಲಕ್ಕೆ ಒಳ್ಳೆಯ ಹೊದಿಕೆಯಾಯಿತು.

ಇದಕ್ಕೆ ವ್ಯತಿರಿಕ್ತವಾದ ಒಂದು ನಿದರ್ಶನವೂ ಕರ್ನಾಟಕದಲ್ಲಿಯೇ ಇದೆ. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾನಿಲಯದ ಲೌರಿ ಹಾಂಕೊ ಮತ್ತು ಆನೆಲಿ ಹಾಂಕೊ ಅವರು, 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯದ ಬಿ.ಎ. ವಿವೇಕ ರೈ ಹಾಗೂ ಚಿನ್ನಪ್ಪ ಗೌಡರೊಡನೆ ಕೂಡಿ, ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರಿಂದ 1990ರಲ್ಲಿ ತುಳುವಿನ ಸಿರಿ ಮಹಾಕಾವ್ಯವನ್ನು ದಾಖಲಿಸಿದರು. ಅದು 15 ಸಾವಿರಕ್ಕೂ ಹೆಚ್ಚು ಸಾಲುಗಳ ಕಾವ್ಯ. 1998ರಲ್ಲಿ ಹೆಲ್ಸಿಂಕಿಯಿಂದ, ಜಾನಪದ ವಿದ್ವಾಂಸರೆಲ್ಲರೂ ಬಲ್ಲ ಎಫ್‌ಎಫ್‌ಸಿ ಮಾಲೆಯ 264, 265 ಮತ್ತು 266ನೆಯ ಸಂಪುಟಗಳಾಗಿ ಇದು ಹೊರಬಂದಿತು. ಮೊದಲ ಸಂಪುಟ ಕಾವ್ಯವನ್ನು ಪಠ್ಯವಾಗಿಸಿದ ಬಗೆಯ ವಿವೇಚನೆ; ಉಳಿದೆರಡು ಕಾವ್ಯ. ಕಾವ್ಯ ಸಂಪುಟಗಳ ಶೀರ್ಷಿಕೆಯಲ್ಲಿಯೇ, ಇದು ಗೋಪಾಲ ನಾಯ್ಕರು ಪ್ರಸ್ತುತಪಡಿಸಿದ ಸಿರಿ ಕಾವ್ಯವೆಂದು ಅಚ್ಚಾಗಿದೆ. ಒಂದು ದೊಡ್ಡ ವಿದ್ವತ್ ಮಾಲೆಯ ಮುಖಪುಟದಲ್ಲಿ ಹಾಡುಗಾರನ ಹೆಸರು ವಿದ್ವಾಂಸರ ಹೆಸರಿಗಿಂತ ಮೇಲೆ ನಿಂತದ್ದು ತುಳುನಾಡಿನ ಮಟ್ಟಿಗೆ ಹೊಸದು.

ಆದರೂ ಗ್ರಂಥಾಲಯದ ಸೂಚಿಪತ್ರಗಳಲ್ಲಿ ಈ ಸಂಪುಟಗಳನ್ನು ಹುಡುಕುವವರು ಸಾಮಾನ್ಯವಾಗಿ ಕರ್ತೃವಿನ ಜಾಗದಲ್ಲಿ ಹಾಂಕೊ ಎಂಬ ಹೆಸರಿನಡಿ ನೋಡಬೇಕಾಗುತ್ತದೆ. ಗೋಪಾಲ ನಾಯ್ಕರ ಹೆಸರು ಶೀರ್ಷಿಕೆಯ ಸಾಲಿನಲ್ಲಿ ಮಾತ್ರ ಸಿಗುತ್ತದೆ. ಉಲ್ಲೇಖಗಳನ್ನು ಎಣಿಸುವ ಯಂತ್ರಗಳು ಓದುವುದು ಕರ್ತೃವಿನ ಸಾಲನ್ನು.